ರತ್ನಮ್ಮ ಆಂಟಿ ಕೊಡದ ಮದ್ದು

ಬೆಂಗಳೂರಿನ ಬಿಟಿಎಂ ಬಡಾವಣೆಯಲ್ಲಿದ್ದ ನಮ್ಮ ಬಾಡಿಗೆ ಮನೆಯ ಓನರ್ ರತ್ನಮ್ಮ ಆಂಟಿ ಯಾರನ್ನೇ ಮಾತಾಡಿಸಿದರೂ ಮೊದಲು ನೋಡುತ್ತಿದ್ದುದು ಕಣ್ಣಿನ ಬಿಳಿಯನ್ನು. ಹಾಲಿನವನಿರಲಿ, ಬೀಗರಿರಲಿ, ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿಯೇ ಬಿಡುತ್ತಿದ್ದರು. ಕಾಮಾಲೆಗೆ ಸೊಪ್ಪಿನ ಮದ್ದು ಕೊಡುವುದು ಅವರ ತವರಿನಿಂದ ಬಂದ ಪದ್ಧತಿ. ಭಾನುವಾರ ಬೆಳಗಾದರೆ ಸಾಕು, ಹುಳಿಮಾವಿನಿಂದೆಲ್ಲ ಜನ ಖಾಲಿ ಹೊಟ್ಟೆಯಲ್ಲಿ ಬಂದು ಗೇಟಿನ ಮುಂದೆ ಕೂರುತ್ತಿದ್ದರು. ಅವರನ್ನು ದಾಟಿ ಹಾಲು ತರುವಷ್ಟರಲ್ಲಿ ನನಗೆ ಸಾಕುಬೇಕಾಗುತ್ತಿತ್ತು.

ನಾನು ಧಾರವಾಡದ ಕಡೆಯವಳು. ಬಸುರಿಯಿದ್ದಾಗ ರಕ್ತಪರೀಕ್ಷೆಯಲ್ಲಿ ಹೆಪಟೈಟಿಸ್ ಬಿ, ಅಂದರೆ ಕಾಮಾಲೆ ತರುವ ಲಿವರಿನ ಸೋಂಕು, ಎಂದು ಬಂತು. ನನಗೇನೂ ತೊಂದರೆಯಿರಲಿಲ್ಲ. ಆದರೆ ಹೆರಿಗೆಯಲ್ಲಿ ಮಗುವಿಗೆ ಅಂಟಬಹುದು ಎಂದರು ಡಾಕ್ಟರು. ನೆಟ್ಟಗೆ ಆಂಟಿಯ ಬಳಿ ಹೋದೆ.

“ನನಗೂ ನಿಮ್ಮ ಔಷಧ ಕೊಡ್ರಿ ಆಂಟಿ.”

ಊರಿಗೆಲ್ಲ ಕೊಡುವವರು ನನಗೆ ಕೊಡಲಿಲ್ಲ.

“ಇಲ್ಲ ಕಣಮ್ಮ. ನನ್ ತಮ್ಮಂಗೂ ಇದೇ ಬಿ ಇತ್ತು. ನಾನೇ ಮದ್ದು ಕೊಟ್ಟೆ. ಕಣ್ಣು ಬೆಳ್ಳಗಾಯ್ತು, ವಾಸಿಯಾಯ್ತು ಅಂದ್ಕೊಂಡ್ವಿ. ಅದು ಒಳಗೊಳಗೇ ಲಿವರ್ ತಿಂದಾಕ್ಬಿಡ್ತು. ಹೋಗ್ಬಿಟ್ಟ. ನೀನು ಡಾಕ್ಟ್ರು ಹೇಳ್ದಂಗೆ ಕೇಳು.”

ರಕ್ತಪರೀಕ್ಷೆ ಮಾಡಿಸದೆ ಬಂದವರನ್ನು ಅವರು ಬೈದು ವಾಪಸು ಕಳಿಸುತ್ತಿದ್ದುದು ಯಾಕೆಂದು ಆಗ ತಿಳಿಯಿತು.

ಡಾಕ್ಟರು ಕೊಟ್ಟ ಮಾತ್ರೆ ಶುರುವಾಯಿತು. ನನ್ನವರೂ ಪರೀಕ್ಷೆ ಮಾಡಿಸಿ, ಲಸಿಕೆ ಹಾಕಿಸಿಕೊಂಡರು. ನನ್ನ ತಟ್ಟೆಲೋಟ ಬೇರೆ ಇಡಬೇಕೆಂದು ಅತ್ತೆ ಫೋನಿನಲ್ಲಿ ಅಂದದ್ದನ್ನು ಆಂಟಿಗೆ ಹೇಳಿದ್ದೇ ತಡ, ಅವರು ನನ್ನ ತಟ್ಟೆಯಿಂದಲೇ ಒಂದು ತುತ್ತು ಬಿಸಿಬೇಳೆಬಾತ್ ಎತ್ತಿ ಬಾಯಿಗಿಟ್ಟುಕೊಂಡರು. “ಎಂಜಲಿಂದೆಲ್ಲ ಬರಲ್ವಂತೆ. ಡಾಕ್ಟ್ರನ್ನೇ ಕೇಳಿದೀನಿ. ರಕ್ತ ತಾಗೋ ಬ್ಲೇಡು, ಬ್ರಷ್ಷು ಮಾತ್ರ ಬೇರೆ ಇಟ್ಕೋ.” ನನಗೆ ಅಳುವೇ ಬಂತು.

ಹೆರಿಗೆಯ ದಿನ ಆಂಟಿ ವಾರ್ಡಿನ ಬಾಗಿಲಲ್ಲೇ ಠಿಕಾಣಿ ಹೂಡಿದ್ದರು. ಗಂಡೋ ಹೆಣ್ಣೋ ಎಂದೂ ಕೇಳಲಿಲ್ಲ.

“ಸಿಸ್ಟರ್, ಮಗೂಗೆ ಎರಡೂ ಸೂಜಿ ಆಯ್ತಾ?”

“ಲಸಿಕೇನೂ ಆಯ್ತು, ಇನ್ನೊಂದು ಇಂಜೆಕ್ಷನ್ನೂ ಆಯ್ತು. ಎಷ್ಟ್ ಸಲ ಕೇಳ್ತೀರಮ್ಮ!”

“ಮಗು ಹುಟ್ಟಿದ್ ತಕ್ಷಣ ಹಾಕ್ಬೇಕಂತಲ್ಲ, ಅದಕ್ಕೆ ಕೇಳ್ದೆ. ಬೈಕೋಬೇಡಿ.”

ಉಳಿದ ಲಸಿಕೆಗಳನ್ನೂ ತಪ್ಪಿಸಲು ಆಂಟಿ ಬಿಡಲಿಲ್ಲ. ಮಗಳಿಗೆ ವರ್ಷ ತುಂಬಿದ ಮೇಲೆ ರಕ್ತಪರೀಕ್ಷೆ ಮಾಡಿಸಿದೆವು. ಸೋಂಕಿಲ್ಲ ಎಂದರು. ಅಬ್ಬಾ, ಅಂದು ನಾನು ಹಗುರಾದಷ್ಟು ಇನ್ನೆಂದೂ ಆಗಿಲ್ಲ.

ಆಂಟಿ ಆಗ ಬಿದ್ದು ಸೊಂಟ ಮುರಿದುಕೊಂಡು ಹಾಸಿಗೆ ಹಿಡಿದಿದ್ದರು. ಅವರು ಮತ್ತೆ ಏಳಲಿಲ್ಲ. ಮಗಳನ್ನೆತ್ತಿಕೊಂಡು ಈ ಸುದ್ದಿ ಹೇಳಲು ಹೋದದ್ದೇ ನಮ್ಮ ಕೊನೆಯ ಭೇಟಿಯಾಯಿತು.

“ಕೂಸಿಗೆ ಏನೂ ಇಲ್ಲಂತ್ರಿ ಆಂಟಿ,” ಎಂದೆ.

ಮಗಳನ್ನು ಪಕ್ಕದಲ್ಲಿ ಮಲಗಿಸಿಕೊಂಡು ಬಹಳ ಹೊತ್ತು ಬೆನ್ನು ಸವರಿದರು.

“ತಮ್ಮನ್ನ ಉಳಿಸ್ಕೊಳ್ಳೋಕಾಗ್ಲಿಲ್ಲ, ಇವಳನ್ನಾದ್ರೂ ಉಳಿಸ್ಕೊಂಡೆ ಬಿಡು,” ಎಂದರು.