ಬೋಗುಣಿಯ ಬೀಗ

ಅಂಚು ನೆಗ್ಗಿದ ಒಂದು ಅಲ್ಯುಮಿನಿಯಂ ಬೋಗುಣಿ ನಮ್ಮ ಹಿತ್ತಿಲಲ್ಲಿದೆ. ಈಗ ಅದರ ತುಂಬ ದೊಡ್ಡಪತ್ರೆ. ಒಂದು ಕಾಲಕ್ಕೆ ಅರಸೀಕೆರೆ ಕಡೆಯ ಸಣ್ಣ ಆಸ್ಪತ್ರೆಯೊಂದರಲ್ಲಿ ಹುಟ್ಟಿದ ಕೂಸುಗಳೆಲ್ಲ ಈ ಲೋಕದ ಮೊದಲ ಮರ್ಯಾದೆಯನ್ನು ಸ್ವೀಕರಿಸುತ್ತಿದ್ದುದು ಇದರೊಳಗೇ ಎಂದರೆ ನೀವು ನಗಬಹುದು, ನಗಿ.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಅಲ್ಲಿನ ಹೆರಿಗೆ ವಾರ್ಡಿನ ಹಿರಿಯ ನರ್ಸ್. ಕೂಸು ಹುಟ್ಟಿದ ಕೂಡಲೇ ಈ ಬೋಗುಣಿಯಲ್ಲಿಟ್ಟು ಬಿಸಿನೀರು ಹಾಕುವವಳು ಆಯಾ ಪುಟ್ಟಮ್ಮ. ಅವಳ ನೌಕರಿಗೆ ಸಿಕ್ಕ ಬಡ್ತಿಯೆಂದರೆ ಆ ಗೌರವವೊಂದೇ. ತರಬೇತಿಗೆ ಹೋಗಿ ಬಂದ ನಾನು, ಮೊದಲ ದಿನ ಸ್ನಾನ ಬೇಡ, ಮೈ ತಣ್ಣಗಾಗುತ್ತದೆ, ಒರೆಸಿ ತಾಯಿಯ ಎದೆಯ ಮೇಲೆ ಮಲಗಿಸಿ ಎಂದು ಬರೆದು ಗೋಡೆಗೆ ಅಂಟಿಸಿದೆ. ಗೋಡೆ ಓದಿಕೊಂಡಿತು.

"ತೊಳೀದೆ ಇರೋ ಮಗೀನ ಹೆಂಗ್ರವ್ವಾ ಎತ್ಕೊಳ್ಳಾದು?" ಎಂದರು ಪಕ್ಕದ ಗಂಡಸಿ ಊರಿನಿಂದ ಬಂದ ಅಜ್ಜಿಯೊಬ್ಬರು. ಪುಟ್ಟಮ್ಮ ಸ್ಟವ್ ಹಚ್ಚಿದಳು. ನನಗೆ ಪಿತ್ತ ನೆತ್ತಿಗೇರಿತು. ಮುಂದಾಳತ್ವವೆಂದರೆ ಬೀಗದ ಕೈ ಎಂದು ನಂಬಿದ್ದ ನಾನು ಸಂಜೆ ಹೊರಡುವಾಗ ಬೋಗುಣಿ, ಸ್ಟವ್ ಎರಡನ್ನೂ ಸ್ಟೋರಿಗೆ ಸೇರಿಸಿ ಬೀಗ ಜಡಿದು, ಮನೆಗೆ ಹೋಗಿ ನೆಮ್ಮದಿಯಾಗಿ ಮುದ್ದೆ ಉಂಡೆ.

ಬೆಳಿಗ್ಗೆ ಬಂದರೆ ಆಗಷ್ಟೇ ಹುಟ್ಟಿದ ಕೂಸೊಂದರ ಅಂಗಾಲು ನೀಲಿಗಟ್ಟಿತ್ತು. ಬಿಸಿನೀರಿಗೆ ದಾರಿಯಿಲ್ಲದೆ ಅದರ ಅಜ್ಜಿ ನಲ್ಲಿಯ ಕೆಳಗೇ ತೊಳೆದುಬಿಟ್ಟಿದ್ದರು. ಕೂಸನ್ನು ತಾಯಿಯ ಎದೆಗೆ ಹಾಕಿ ಕಂಬಳಿ ಹೊದಿಸಿ, ಪುಟ್ಟಮ್ಮ ಒಂದು ಅಂಗಾಲು, ನಾನೊಂದು ಅಂಗಾಲು ಹಿಡಿದು ಕೂತೆವು. ಬಹಳ ಹೊತ್ತಿನ ಮೇಲೆ ಕೂಸು ಬೆಚ್ಚಗಾಗಿ ಅತ್ತಿತು. ಆಮೇಲೆ ಸ್ಟೋರಿಗೆ ಹೋಗಿ ನಾನೂ ಅತ್ತೆ.

"ಬಿಸ್ನೀರಲ್ಲಿ ತೊಳುದ್ರೂ ತಣ್ಣಗಾಯ್ತವಾ ಸಿಸ್ಟರಮ್ಮ?" ಎಂದು ಪುಟ್ಟಮ್ಮ ಕೇಳಿದಳು.

ಅಲ್ಲಿಯವರೆಗೆ ಅವಳನ್ನು ನಾನು ಏನೂ ಕೇಳಿರಲಿಲ್ಲ, ಅವಳು ಕೇಳಲು ಅವಕಾಶವನ್ನೂ ಕೊಟ್ಟಿರಲಿಲ್ಲ. ಸ್ಟೋರಿನ ಕೀಲಿಯನ್ನು ಅವಳ ಕೈಗಿಟ್ಟು, "ನೀನೇ ಮುಟ್ಟಿ ನೋಡು" ಎಂದೆ. ನೀರು ಹಾಕುವ ಮೊದಲೊಮ್ಮೆ, ಹಾಕಿದ ಮೇಲೊಮ್ಮೆ ಅಂಗಾಲು ಮುಟ್ಟಿ ನೋಡಿದಳು. ಬಿಸಿನೀರು ಹಾಕಿದರೂ ಅದು ತಣ್ಣಗಾಗುತ್ತಿತ್ತು. ಮೂರನೆಯ ಕೂಸಿನ ಹೊತ್ತಿಗೆ ಸ್ಟವ್ ಹಚ್ಚಲೇ ಇಲ್ಲ. "ನಾಳೀಕೆ ನಾನೇ ನೀರು ಹಾಕ್ಕೊಡ್ತೀನಿ, ಸುಮ್ಕಿರ್ರವ್ವಾ" ಎಂದಳು. ಗೋಡೆಯ ಮಾತು ಕೇಳದ ಅಜ್ಜಿಯರು ಅವಳ ಮಾತಿಗೆ ತಲೆಯಾಡಿಸಿದರು. ಹೊಸ ಪದ್ಧತಿಗೆ ಆಸ್ಪತ್ರೆ ಇನ್ನೂ ಸಿದ್ಧವಾಗಿಲ್ಲವೆಂದು ಮೇಲಧಿಕಾರಿಗಳಿಗೆ ಬರೆಯುತ್ತಿದ್ದ ನಾನು ಆಮೇಲೆ ಬರೆಯುವುದನ್ನು ಬಿಟ್ಟೆ.

ಕೆಲವು ವರ್ಷಗಳಾದ ಮೇಲೆ ನನ್ನ ಮಗಳು ಅಲ್ಲೇ ಹೆತ್ತಳು. ಬಿಳಿ ಲೋಳೆ ಮೆತ್ತಿದ ಮೊಮ್ಮಗಳನ್ನು ಕಂಡದ್ದೇ ನನ್ನ ತರಬೇತಿಯೆಲ್ಲ ಎತ್ತಲೋ ಹೋಗಿ, ಕೈ ತಾನಾಗಿ ಬೋಗುಣಿಯನ್ನು ಎತ್ತಿಕೊಂಡಿತು. "ಪುಟ್ಟಮ್ಮಾ, ಒಂಚೂರು ಬಿಸಿನೀರು."

ಪುಟ್ಟಮ್ಮ ಬೋಗುಣಿಯನ್ನು ನನ್ನ ಕೈಯಿಂದ ಕಿತ್ತುಕೊಂಡು ಸ್ಟೋರಿನಲ್ಲಿಟ್ಟು, ಬೀಗ ಹಾಕಿ, ಕೀಲಿಯನ್ನು ಸೊಂಟಕ್ಕೆ ಸಿಕ್ಕಿಸಿದಳು.

"ನಾಳೀಕೆ ಬನ್ನಿ, ಅಜ್ಜಿ."

ನಾನು ಹೋಗಿ ಕೂಸಿನ ಅಂಗಾಲು ಮುಟ್ಟಿದೆ. ಬೆಚ್ಚಗಿತ್ತು. ನಾನು ನಿವೃತ್ತಳಾದ ದಿನ ಬೋಗುಣಿಯನ್ನು ಪುಟ್ಟಮ್ಮನೇ ತಂದು ಕೊಟ್ಟಳು, ಕೀಲಿಯನ್ನು ಕೊಡಲಿಲ್ಲ.