ಗೇಟಿರುವ ಜಾಗದಲ್ಲಿ ಗಾಣವಿತ್ತು

ನಾನು ಚಿಕ್ಕವನಿದ್ದಾಗ ನಮ್ಮ ಈ ಬೀದಿ ಬೀದಿಯೇ ಆಗಿರಲಿಲ್ಲ, ಮಕ್ಕಳೇ. ಹೊಸಪೇಟೆಯ ಅಂಚಿನ ಕಬ್ಬಿನ ಗದ್ದೆಗಳ ನಡುವೆ ಒಂದು ಬಂಡಿದಾರಿ, ಪಕ್ಕದಲ್ಲಿ ಕಾಲುವೆ, ಅಷ್ಟೇ. ಈಗ ಕಬ್ಬಿಣದ ಗೇಟು ನಿಂತಿದೆಯಲ್ಲ, ಸರಿಯಾಗಿ ಅಲ್ಲೇ ಅಪ್ಪನ ಗಾಣವಿತ್ತು. ಎತ್ತುಗಳು ಸುತ್ತುತ್ತಿದ್ದರೆ ಗಾಣ ಕಿರ್ರೆನ್ನುತ್ತಿತ್ತು, ಕಬ್ಬಿನ ಹಾಲು ಸುರಿಯುತ್ತಿತ್ತು. ಕೊಪ್ಪರಿಗೆಯಲ್ಲಿ ಅದು ಕುದಿಯುವ ವಾಸನೆ ಕಾಲುವೆಯ ಆಚೆಗೂ ಹೋಗುತ್ತಿತ್ತು.

ಒಂದು ಸಲ, ಆ ವರ್ಷದ ಮೊದಲ ಬೆಲ್ಲ ಇಳಿಯುವ ದಿನ. ಬಿಸಿಬೆಲ್ಲವನ್ನು ಕಬ್ಬಿನ ತುಂಡಿಗೆ ಸುತ್ತಿ ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದ. ಬೆಳಗಿನಿಂದ ಹೊಗೆಯಲ್ಲಿ ಕಣ್ಣುಜ್ಜಿಕೊಳ್ಳುತ್ತ ಕೂತಿದ್ದೆ. ದೇವರಿಗೆ ಎಡೆಯಾಯಿತು. ಇನ್ನೇನು ನನ್ನ ಕೈಗೆ ಬರಬೇಕು, ಕಮಲಾಪುರದ ಕಡೆಯಿಂದ ಬಾಳೆಗೊನೆಯ ಬಂಡಿ ಬಂದೇಬಿಟ್ಟಿತು!

ಗಾಣದ ಮುಂದೆ ಹಾದುಹೋಗುವವರನ್ನು ಬರಿಬಾಯಲ್ಲಿ ಕಳಿಸಿದರೆ ಬೆಲ್ಲ ಗಟ್ಟಿಯಾಗುವುದಿಲ್ಲ ಎಂದು ನಮ್ಮವರ ನಂಬಿಕೆ. ಅಕ್ಕ ನನ್ನ ತುಂಡನ್ನೇ ಎತ್ತಿಕೊಂಡು ಓಡಿದಳು. "ಯಣ್ಣಾ, ನಿಂದ್ರಿ! ಬಾಯಿ ಸೀ ಮಾಡ್ಕೊಂಡು ಹೋಗ್ರಿ!"

ಮುಂದಿನ ತುಂಡು ಬುಕ್ಕಸಾಗರದಿಂದ ನಡೆದು ಬಂದ ಮುದುಕಿಗೆ ಹೋಯಿತು. ಅದರ ಮುಂದಿನದು ಎಮ್ಮೆ ಹುಡುಕುತ್ತ ಬಂದವನ ಪಾಲು. ಅವನ ಗುರುತೂ ನಮಗಿರಲಿಲ್ಲ! ನಾನು ಕಾಲು ಬಡಿದು ಅತ್ತೆ.

"ಸುಮ್ನ ಕುಂದ್ರಲೇ," ಅಂದಳು ಅಕ್ಕ. "ನೀ ಮನಿ ಹುಡುಗ, ಎಲ್ಲಿ ಹೋಗ್ತಿ? ದಾರ್ಯಾಗಿನವ್ರು ಮತ್ತ ಬರ್ತಾರೇನು?"

ಕೊನೆಗೆ ನನ್ನ ಕೈಗೆ ಸಿಕ್ಕಾಗ ಬೆಲ್ಲ ಆರಿ ಕಲ್ಲಾಗಿತ್ತು. ಸಿಟ್ಟಿಗೆ ಆ ದಿನವೆಲ್ಲ ಅಕ್ಕನ ಜೊತೆ ಮಾತೇ ಬಿಟ್ಟೆ.

ಆಮೇಲೆ ಗದ್ದೆ ಹೋಗಿ ಸೈಟುಗಳಾದವು. ಗಣಿ ಅದಿರಿನ ದುಡ್ಡು ಹರಿದು ಬಂದು ಬಂಗಲೆಗಳೆದ್ದವು. ನಿಮಗೆ ನುಣ್ಣನೆಯ ರಸ್ತೆಯಿದೆ, ಝಗಝಗಿಸುವ ದೀಪಗಳಿವೆ, ಸೈಕಲ್ ಹೊಡೆಯಲು ಭಯವಿಲ್ಲ. ಒಪ್ಪುತ್ತೇನೆ. ಆದರೆ ಈ ಬೀದಿಯಲ್ಲಿ ಹಾದುಹೋಗುವವರೇ ಇಲ್ಲವಲ್ಲ! 'ಹೊರಗಿನವರಿಗೆ ಪ್ರವೇಶವಿಲ್ಲ' ಎಂದು ಬೋರ್ಡು ಬೇರೆ. ದಾರಿ ಮುಚ್ಚಬೇಡಿ ಎಂದು ಬಾಯಿ ಬಡಕೊಂಡೆ. ಕೇಳಿದವರು ಯಾರು?

ಮೊನ್ನೆ ಅಕ್ಕ ಕಮಲಾಪುರದಿಂದ ಬಸ್ಸು ಹತ್ತಿ ಒಬ್ಬಳೇ ಬಂದಿದ್ದಳು, ನಿಮಗೆಂದು ಬೆಲ್ಲ ಕಟ್ಟಿಕೊಂಡು. ಕಾವಲಿನವನು ಅವಳನ್ನು ಗೇಟಿನಲ್ಲೇ ತಡೆದು ನಮ್ಮ ಮನೆಗೆ ಫೋನ್ ಮಾಡಿದ. ನಾನು ಸ್ನಾನದಲ್ಲಿದ್ದೆ. ನೀವು ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು ಮೊಬೈಲಿನ ಆಟದಲ್ಲಿದ್ದಿರಿ, ಎತ್ತಲಿಲ್ಲ.

ಬಸ್ಸು ಬಂದು ಎಷ್ಟು ಹೊತ್ತಾಯಿತು, ಬರುತ್ತೇನೆಂದವಳು ಇನ್ನೂ ಕಾಣಲಿಲ್ಲವಲ್ಲ ಎಂದು ನಾನೇ ಹುಡುಕಿಕೊಂಡು ಹೋದೆ. ಗಾಣವಿದ್ದ ಜಾಗದಲ್ಲೇ ಅಕ್ಕ ಬಿಸಿಲಲ್ಲಿ ನಿಂತಿದ್ದಳು. ಕಾವಲಿನವನನ್ನು ಬೈಯಲು ಬಾಯಿ ತೆರೆದೆ. ಅವಳೋ, ಗಂಟು ಬಿಚ್ಚಿ ಆ ಕಾವಲಿನವನಿಗೇ ಬೆಲ್ಲ ಮುರಿದು ಕೊಡುತ್ತಿದ್ದಳು.

"ತಗೋಳಪ್ಪಾ, ಬಾಯಿ ಸೀ ಮಾಡ್ಕೋ."