ಮಧುವನಹಳ್ಳಿಯಿಂದ ಜಪಾನಿನ ಹುಳದ ಮನೆಗೆ

ನಾನು ಜಪಾನಿಗೆ ಹೊರಟ ದಿನವೇ ಅವ್ವ ಮುಟ್ಟಾಗಿದ್ದಳು. ನಮ್ಮ ಮಧುವನಹಳ್ಳಿಯ ಮನೆಯಲ್ಲಿ ಅಜ್ಜಿಯ ಕಾಲದಿಂದ ಒಂದು ಕಟ್ಟಳೆಯಿದೆ. ಮುಟ್ಟಾದ ಹೆಂಗಸು ಮೂರು ದಿನ ರೇಷ್ಮೆ ಹುಳದ ಮನೆಯ ಹೊಸ್ತಿಲು ದಾಟಬಾರದು, ದಾಟಿದರೆ ಹುಳ ಗೂಡು ಕಟ್ಟುವುದಿಲ್ಲ. ಹುಳ ಸಾಕುವ ದುಡಿಮೆಯೆಲ್ಲ ಅವ್ವನದೇ. ಆದರೂ ಆ ಮೂರು ದಿನ ಅವಳು ಜಗಲಿಯಲ್ಲಿ ಕೂತು, ಒಳಗೆ ಹುಳ ಸೊಪ್ಪು ಮೇಯುವ ಸದ್ದನ್ನಷ್ಟೇ ಕೇಳಿ, "ಅತ್ಲಾಗಿನ ತಟ್ಟೆಗೆ ಸೊಪ್ಪು ಸಾಲ್ದು ಕಣ್ರಿ" ಎಂದು ಅಪ್ಪನಿಗೆ ಕೂಗಿ ಹೇಳುವಳು. ಅವತ್ತು ನಾನು ಹುಳಕ್ಕೆ ಕೊನೆಯ ಸಲ ಸೊಪ್ಪು ಹಾಕಿ ಈಚೆ ಬಂದರೆ, ಮಾರು ದೂರದಲ್ಲೇ ನಿಂತು, "ವಸಿ ಜ್ವಾಪಾನ ಕಣವ್ವಾ, ಒತ್ತೊತ್ತಿಗೆ ಉಣ್ಣು" ಅಂದಳು. ತಬ್ಬಿಕೊಳ್ಳಲು ಹೋದೆ. "ಏಯ್, ಮುಟ್ಬ್ಯಾಡ, ದೇವ್ರಿಗೆ ಕೈ ಮುಗ್ದು ಒಂಟಿದ್ದೀಯ" ಎಂದು ಹಿಂದಕ್ಕೆ ಸರಿದಳು. ನನಗೆ ಅಳು ಬಂತು, ಸಿಟ್ಟೂ ಬಂತು.

ಕೊಳ್ಳೇಗಾಲದಿಂದ ಬೆಂಗಳೂರಿಗೆ ನೂರ ನಲವತ್ತು ಕಿಲೋಮೀಟರು, ನಾಲ್ಕು ಗಂಟೆಯ ದಾರಿ. ಆಧಾರ್ ಕಾರ್ಡು ತೋರಿಸಿದ ನನಗೆ ಪುಕ್ಕಟೆ ಟಿಕೆಟ್ಟು, ಜೊತೆಗೆ ಬಂದ ಅಪ್ಪನಿಗೆ ಮಾತ್ರ ದುಡ್ಡು. ಪೆಟ್ಟಿಗೆ ನೋಡಿ ಕಂಡಕ್ಟರು, "ಎಲ್ಗವ್ವಾ ಸವಾರಿ?" ಅಂದರು. "ಜಪಾನಿಗೆ ಸಾ, ರೇಷ್ಮೆ ಓದಕ್ಕೆ" ಅಂದೆ. "ಬೆಂಗ್ಳೂರ್ಗಂಟ ಪ್ರೀ, ಅಲ್ಲಿಂದಾಚೆಗೆ ನಾನು ಜವಾಬ್ದಾರ ಅಲ್ಲ ಕಣವ್ವಾ" ಎಂದು ಟಿಕೆಟ್ಟು ಹರಿದು ಕೊಟ್ಟರು. ಇಡೀ ಬಸ್ಸು ನಕ್ಕಿತು.

ಅಲ್ಲಿಂದಾಚೆಗೆ ಎಂಟು ಗಂಟೆಗೂ ಹೆಚ್ಚು ವಿಮಾನ, ಆಮೇಲೆ ಮೂರು ಗಂಟೆ ರೈಲು. ಅಬ್ಬಬ್ಬಾ, ಆ ರೈಲನ್ನು ಏನೆಂದು ಹೇಳಲಿ! ಬೋರ್ಡಿನಲ್ಲಿ ಬರೆದಿದ್ದ ನಿಮಿಷಕ್ಕೇ ಬಂದು ನಿಂತಿತು. ಟಿಕೆಟ್ಟು ನೋಡುವವರು ಬೋಗಿಯ ಬಾಗಿಲಲ್ಲಿ ತಿರುಗಿ ನಿಂತು, ನಿದ್ದೆ ಹೊಡೆಯುತ್ತಿದ್ದ ನಮಗೆಲ್ಲ ಬಗ್ಗಿ ನಮಸ್ಕರಿಸಿ ಹೋದರು. ನಾನೂ ಎದ್ದು ನಿಂತು ಕೈ ಮುಗಿದೆ. ಬೆಟ್ಟಗಳ ನಡುವಿನ ಒಂದು ಚಿಕ್ಕ ಊರಿನಲ್ಲಿ ಇಳಿದಾಗ ಅಕ್ಟೋಬರಿನ ಚಳಿ ಹಲ್ಲು ಕಟಕಟ ಅನ್ನಿಸಿತು. ರಸ್ತೆ ಬದಿಯ ಗೂಡಂಗಡಿಯಲ್ಲಿ ಮೂಲಂಗಿ, ಈರುಳ್ಳಿ ಜೋಡಿಸಿಟ್ಟು, ಪಕ್ಕದಲ್ಲೊಂದು ಡಬ್ಬಿ ಇಟ್ಟಿದ್ದರು. ಮಾರುವವರು ಯಾರೂ ಇಲ್ಲ. ಕೊಂಡವರು ಡಬ್ಬಿಗೆ ಕಾಸು ಹಾಕಿ ಹೋಗಬೇಕಂತೆ! ಯಾರಾದರೂ ಬಂದಾರೆಂದು ನಾನು ಅಲ್ಲೇ ಕಾಲು ಗಂಟೆ ಕಾದು, ಒಂದು ಮೂಲಂಗಿ ಕೊಂಡೆ.

ಮಾರನೆಯ ದಿನ ವಿಶ್ವವಿದ್ಯಾಲಯದ ಹುಳದ ಮನೆಗೆ ಹೋದೆ. ಗಾಜಿನ ಬಾಗಿಲು, ತಾನಾಗೇ ಹದವಾಗಿರುವ ಬಿಸಿ, ಕನ್ನಡಿಯಂಥ ನೆಲ. ಬೆರಗಾಗಿ ನಿಂತಿದ್ದೆ. ಅಷ್ಟರಲ್ಲಿ ಒಳಗಿನಿಂದ ಸದ್ದು ಬಂತು. ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಹುಳ ಸೊಪ್ಪು ಮೇಯುವ ಅದೇ ಸದ್ದು! ಕಣ್ಣು ತುಂಬಿ ಬಂತು. ಪ್ರೊಫೆಸರು ಒಂದು ತಟ್ಟೆ ತೋರಿಸಿ, "ಈ ಮುನ್ನೂರು ಹುಳ ನಿನ್ನ ಓದಿಗೆ ಸಾಕಿರುವ ತಳಿ. ಕೆಟ್ಟರೆ ವಸಂತದವರೆಗೆ ಬೇರೆ ಇಲ್ಲ, ಆರು ತಿಂಗಳು ಕಾಯಬೇಕು" ಎಂದರು. ನಾಲ್ಕೈದು ದಿನದಲ್ಲಿ ಹುಳ ಹಣ್ಣಾಗುತ್ತವೆ, ಅಂದರೆ ಮೇವು ಬಿಟ್ಟು ಗೂಡು ಕಟ್ಟಲು ಜಾಗ ಹುಡುಕುತ್ತವೆ. ಆಗ ತಡಮಾಡದೆ ಆರಿಸಿ ಗೂಡಿನ ಚೌಕಟ್ಟಿಗೆ ಬಿಡಬೇಕು. ಇಲ್ಲದಿದ್ದರೆ ಕಸದಲ್ಲೇ ಸುತ್ತಿಕೊಂಡು ಗೂಡು ಹಾಳು. ಇದು ನನಗೆ ಹುಟ್ಟಿದಾಗಿನಿಂದ ಗೊತ್ತಿದ್ದ ಕೆಲಸ, ಧೈರ್ಯವಾಗಿ ತಲೆಯಾಡಿಸಿದೆ.

ಐದನೆಯ ದಿನ ಬೆಳಗ್ಗೆ ನಾನು ಮುಟ್ಟಾದೆ. ರೇಷ್ಮೆಯಲ್ಲಿ ಬಿಎಸ್ಸಿ ಮಾಡಿದವಳು ನಾನು. ಮುಟ್ಟಿಗೂ ಹುಳಕ್ಕೂ ಏನೇನೂ ಸಂಬಂಧವಿಲ್ಲವೆಂದು ಚೆನ್ನಾಗಿ ಗೊತ್ತು. ಆದರೂ ಕಾಲೇಜಿನಲ್ಲೂ ಆ ದಿನಗಳಲ್ಲಿ ಲ್ಯಾಬಿಗೆ ಚಕ್ಕರ್ ಹೊಡೆಯುತ್ತಿದ್ದೆ. ಓದಿದ್ದು ತಲೆಗೆ ಹೋಗಿತ್ತು, ಕಾಲಿಗೆ ಇಳಿದಿರಲಿಲ್ಲ. ಲ್ಯಾಬಿನ ಹಿರಿಯ ವಿದ್ಯಾರ್ಥಿನಿ ಮಿಕಿಗೆ ಮೈ ಸರಿಯಿಲ್ಲವೆಂದು ಮೆಸೇಜು ಹಾಕಿ ಕೋಣೆಯಲ್ಲೇ ಮಲಗಿದೆ. ಆರನೆಯ ದಿನ ಮನಸ್ಸು ತಡೆಯದೆ ಹೋಗಿ ಕಿಟಕಿಯ ಹೊರಗೆ ನಿಂತೆ. ನನ್ನ ತಟ್ಟೆಯ ಹುಳಗಳು ಜೇನಿನ ಬಣ್ಣಕ್ಕೆ ತಿರುಗಿ, ತಲೆಯೆತ್ತಿ ಅತ್ತಿತ್ತ ಆಡಿಸುತ್ತಿದ್ದವು. ಅಯ್ಯೋ ಶಿವನೇ, ಹಣ್ಣಾಗಿಬಿಟ್ಟಿದ್ದವು!

ಮಿಕಿ ಹೊರಗೆ ಬಂದು, "ಯಾಕೆ ಇಲ್ಲೇ ನಿಂತೆ? ನನಗೆ ಕ್ಲಾಸಿದೆ, ಪ್ರೊಫೆಸರು ಊರಲ್ಲಿಲ್ಲ" ಅಂದಳು. ನಾಚಿಕೆ ಬಿಟ್ಟು ನನ್ನ ಮುರುಕು ಇಂಗ್ಲಿಷಿನಲ್ಲಿ ಎಲ್ಲವನ್ನೂ ಹೇಳಿದೆ. ಅವಳು ನಗಲಿಲ್ಲ. "ನನಗೂ ಇವತ್ತು ಎರಡನೇ ದಿನ. ನಿನ್ನೆ ನಿನ್ನ ಹುಳಗಳಿಗೆ ಸೊಪ್ಪು ಹಾಕಿದ್ದು ನಾನೇ" ಅಂದಳು.

ನಾನು ಪೆದ್ದಿಯ ಹಾಗೆ ಕಿಟಕಿಯತ್ತ ನೋಡಿದೆ. ಮುನ್ನೂರು ಹುಳವೂ ಗಟ್ಟಿಮುಟ್ಟಾಗಿದ್ದವು. ಕೈ ತೊಳೆದು, ಚಪ್ಪಲಿ ಬದಲಿಸಿ ಒಳಗೆ ಕಾಲಿಟ್ಟೆ. ಮೊದಲ ಹುಳ ಎತ್ತುವಾಗ ಅಜ್ಜಿಯ ಕಟ್ಟಳೆ ನೆನಪಾಯಿತು. ನೂರು ದಾಟುವಷ್ಟರಲ್ಲಿ ಅದು ಮರೆತೇಹೋಗಿತ್ತು. ಮೂರನೆಯ ದಿನಕ್ಕೆ ಚೌಕಟ್ಟಿನ ತುಂಬ ಮಲ್ಲಿಗೆ ಬಿಳುಪಿನ ಗೂಡು. ನೋಡುತ್ತಾ ನಿಂತವಳಿಗೆ ಊಟದ ಹೊತ್ತು ಮೀರಿದ್ದೂ ತಿಳಿಯಲಿಲ್ಲ.

ಅವ್ವನಿಗೆ ವಿಡಿಯೋ ಕಾಲ್ ಮಾಡಿ ನಡೆದದ್ದೆಲ್ಲ ಹೇಳಿದೆ. "ಒಳಕ್ಕೋದ್ಯಾ?" ಅಂದಳು.

"ಊ ಕಣವ್ವಾ."

ಅವ್ವ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದಳು. ಆಮೇಲೆ, "ಗೂಡು ಕಟ್ಟವಾ?"

"ನೋಡು, ಎಲ್ಲಾ ಕಟ್ಟವೆ."

"ನಿಮ್ಮಜ್ಜಿ ಇದ್ದಿದ್ರೆ ನಿನ್ ಕಾಲ್ ಮುರೀತಿದ್ಲು" ಎಂದು ಫೋನಿಟ್ಟಳು. ಬೇಜಾರಾಯಿತೋ ಏನೋ ಎಂದು ಆಮೇಲೆ ನಾನು ಆ ಮಾತು ಎತ್ತಲಿಲ್ಲ.

ಊರು ಬಿಟ್ಟು ತಿಂಗಳಾಗುತ್ತಾ ಬಂದಾಗ, ಒಂದು ಮಧ್ಯಾಹ್ನ ಅವ್ವನೇ ವಿಡಿಯೋ ಕಾಲ್ ಮಾಡಿದಳು. ಮುಖ ಕಾಣಲಿಲ್ಲ. ಹುಳದ ತಟ್ಟೆ ಕಂಡಿತು, ಮೇಯುವ ಸದ್ದು ಕೇಳಿತು. ಸೊಪ್ಪು ಹರವುತ್ತಿದ್ದ ಕೈಯಲ್ಲಿ ಅವ್ವನ ಹಸಿರು ಬಳೆ.

"ಅಪ್ಪ ಎಲ್ಲವ್ವಾ?" ಅಂದೆ.

"ಜಗಲೀಲಿ ಕೂತವ್ರೆ, ಕ್ವಾಪ ಮಾಡ್ಕಂಡು."

"ಯಾಕೆ?"

"ನಂಗಿವತ್ತು ಎರಡ್ನೇ ದಿನ ಕಣವ್ವಾ" ಅಂದಳು ಅವ್ವ, ಹುಳದ ಮನೆಯ ಒಳಗಿನಿಂದ.